ಕರೆಂಟ್ ಹೋಗಿ ಬಂದರೂ ತಲೆಕೆಡಿಸದ ಸ್ಮಾರ್ಟ್ ಮನೆ: ಪವರ್, ವೈರಿಂಗ್ ಪ್ಲಾನ್ ಮಾಡುವುದು ಹೇಗೆ

ರಾತ್ರಿ ಎರಡೂವರೆ. ಕರೆಂಟ್ ಹೋಗಿ ಎಷ್ಟು ಹೊತ್ತಾಗಿತ್ತೋ ಗೊತ್ತಿಲ್ಲ, ಎಲ್ಲರೂ ನಿದ್ದೆಯಲ್ಲಿದ್ದೆವು. ವಾಪಸ್ ಬಂದಾಗ ಮಾತ್ರ ಚೆನ್ನಾಗಿಯೇ ಗೊತ್ತಾಯಿತು. ಮನೆಯ ಹನ್ನೊಂದು ಸ್ಮಾರ್ಟ್ ಬಲ್ಬ್‌ಗಳೂ ಒಟ್ಟಿಗೆ ಪೂರ್ತಿ ಬೆಳಕಿನಲ್ಲಿ ಹತ್ತಿಕೊಂಡವು. ಕಣ್ಣುಜ್ಜಿಕೊಂಡು ಫೋನ್ ತೆಗೆದರೆ ಆ್ಯಪ್‌ನಲ್ಲಿ ಎಲ್ಲವೂ ಆಫ್‌ಲೈನ್. ರೂಟರ್ ಇನ್ನೂ ಏಳುತ್ತಿತ್ತು. ಇವನ್ನೆಲ್ಲ ನಡೆಸುವ ಹಬ್ ಏಳಲೇ ಇಲ್ಲ, ಅದರ ಮೆಮೊರಿ ಕಾರ್ಡ್ ಕೆಟ್ಟಿತ್ತು. ಕೊನೆಗೆ ಗೋಡೆಯ ಸ್ವಿಚ್‌ಗಳನ್ನು ಒಂದೊಂದಾಗಿ ಆರಿಸಿಕೊಂಡು ಬಂದು ಮಲಗಿದೆ. ಮಾರನೇ ದಿನ ಹೊಸ ಕಾರ್ಡ್ ಹಾಕಿ ಹಬ್ ಎಬ್ಬಿಸಿದರೂ ಅರ್ಧ ಸೆನ್ಸರ್‌ಗಳು ಸಿಗಲಿಲ್ಲ. ಅವು ಹಬ್ ಜೊತೆ ಮಾತಾಡುತ್ತಿದ್ದದ್ದು ನಾನು ಆರಿಸಿದ್ದ ಬಲ್ಬ್‌ಗಳ ಮೂಲಕ!

ಇದರಲ್ಲಿ ಯಾವ ಸಾಧನದ ತಪ್ಪೂ ಇರಲಿಲ್ಲ. ಹಬ್ ಯಾವುದು, ಬಲ್ಬ್ ಯಾವುದು ಎಂದು ತಿಂಗಳುಗಟ್ಟಲೆ ಓದಿದ್ದೆ. ಅವಕ್ಕೆ ಕರೆಂಟ್ ಎಲ್ಲಿಂದ ಬರುತ್ತದೆ, ಹೋದರೆ ಏನಾಗುತ್ತದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಆಮೇಲೆ ಎಲ್ಲವನ್ನೂ ಮೊದಲಿಂದ ಮಾಡಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪ್ಲಾನ್ ಮಾಡುವುದು ನಿಮ್ಮ ಕೆಲಸ. ಮೇನ್ಸ್ ವೈರ್ ಮುಟ್ಟುವುದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಕೆಳಗಿನ ಲೆಕ್ಕಗಳು 230 ವೋಲ್ಟ್ ಮನೆಗೆ. 120 ವೋಲ್ಟ್ ಇರುವ ಕಡೆ ಅದೇ ವ್ಯಾಟ್‌ಗೆ ಆಂಪ್ ಸುಮಾರು ಎರಡರಷ್ಟಾಗುತ್ತದೆ. ವೈರ್‌ನ ಬಣ್ಣ, ಬ್ರೇಕರ್‌ನ ನಿಯಮ ನಿಮ್ಮಲ್ಲಿ ಹೇಗಿದೆಯೋ ಹಾಗೆ.

## 1. ಮೊದಲು ಒಂದು ಹಾಳೆ, ಮೂರು ಪ್ರಶ್ನೆ

ಇನ್ನೂ ಏನೂ ಕೊಳ್ಳಬೇಡಿ. ಹಾಳೆ ತೆಗೆದುಕೊಂಡು ಮನೆಯಲ್ಲಿ ಆಟೋಮೇಟ್ ಮಾಡಬೇಕೆಂದಿರುವ ಪ್ರತಿಯೊಂದನ್ನೂ ಸಾಲಾಗಿ ಬರೆಯಿರಿ. ಒಂದೊಂದರ ಮುಂದೆಯೂ ಮೂರು ಉತ್ತರ ಬರೆಯಿರಿ. ಕರೆಂಟ್ ಹೋದಾಗಲೂ ಇದು ಓಡಬೇಕಾ? ಹಬ್ ಸತ್ತಾಗ ಇದು ಕೈಯಿಂದ ನಡೆಯಬೇಕಾ? ಕರೆಂಟ್ ವಾಪಸ್ ಬಂದಾಗ ಇದು ಆನ್ ಆಗಬೇಕಾ, ಆಫ್ ಇರಬೇಕಾ?

ಮೊದಲ ಪ್ರಶ್ನೆಗೆ "ಹೌದು" ಎಂದವು ಯುಪಿಎಸ್‌ಗೆ ಹೋಗುತ್ತವೆ. ಎರಡನೆಯದಕ್ಕೆ "ಹೌದು" ಎಂದವಕ್ಕೆ ಗೋಡೆಯಲ್ಲಿ ನಿಜವಾದ ಸ್ವಿಚ್ ಬೇಕು, ಬಲ್ಬ್ ಸ್ಮಾರ್ಟ್ ಆದರೆ ಸಾಲದು. ನನ್ನ ಲೆಕ್ಕದಲ್ಲಿ ದೀಪ, ಫ್ಯಾನ್, ಬಾಗಿಲು, ನೀರಿನ ಪಂಪ್ ನಾಲ್ಕೂ ಕೈಯಿಂದ ನಡೆಯಲೇಬೇಕು. ಮನೆಗೆ ಬಂದ ಅತಿಥಿ ಬಾತ್‌ರೂಮ್ ದೀಪ ಹಾಕೋಕೆ ಆ್ಯಪ್ ಕೇಳುವಂತಾಗಬಾರದು ಅಲ್ವಾ? ಮೂರನೇ ಪ್ರಶ್ನೆಯನ್ನು ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಅದರ ಫಲ ಮೇಲೆ ಓದಿದಿರಿ.

## 2. ಯಾವುದು ಎಷ್ಟು ಕುಡಿಯುತ್ತದೆ, ಅಳೆಯಿರಿ

ಯುಪಿಎಸ್‌ಗೆ ಹೋಗುವ ಪಟ್ಟಿ ಸಾಮಾನ್ಯವಾಗಿ ಚಿಕ್ಕದು: ಇಂಟರ್ನೆಟ್ ಮೋಡೆಮ್, ರೂಟರ್, ನೆಟ್‌ವರ್ಕ್ ಸ್ವಿಚ್, ಹಬ್, ಒಂದೆರಡು ಕ್ಯಾಮೆರಾ. ಅಡಾಪ್ಟರ್ ಮೇಲೆ ಬರೆದ ಅಂಕಿಯನ್ನು ಕೂಡಿಸಬೇಡಿ. ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ. ಸಾಧನ ನಿಜವಾಗಿ ಎಳೆಯುವುದು ಬಹಳ ಸಲ ಅದರ ಅರ್ಧಕ್ಕಿಂತ ಕಡಿಮೆ. ಸಾಕೆಟ್‌ಗೆ ಸಿಕ್ಕಿಸುವ ಸಣ್ಣ ಪವರ್ ಮೀಟರ್ ಸಿಗುತ್ತದೆ, ಅದರಲ್ಲಿ ಒಂದೊಂದನ್ನೂ ಒಂದು ದಿನ ಬಿಟ್ಟು ನೋಡಿ.

ಉದಾಹರಣೆಗೆ ಮೋಡೆಮ್ 6 ವ್ಯಾಟ್, ರೂಟರ್ 9, ಹಬ್ 5, ಎರಡು ಕ್ಯಾಮೆರಾ ಸೇರಿ ನೆಟ್‌ವರ್ಕ್ ಸ್ವಿಚ್ 20 ಎಂದಿಟ್ಟುಕೊಳ್ಳಿ. ಒಟ್ಟು 40 ವ್ಯಾಟ್. ಮುಂದಿನ ಲೆಕ್ಕಕ್ಕೆ ಇದನ್ನೇ ಇಟ್ಟುಕೊಳ್ಳೋಣ.

ಹಬ್‌ನ ಅಡಾಪ್ಟರ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಹಬ್ ಆಗಿ ಬಳಸುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ 4ಕ್ಕೆ 5.1 ವೋಲ್ಟ್ 3 ಆಂಪ್, ಪೈ 5ಕ್ಕೆ 5.1 ವೋಲ್ಟ್ 5 ಆಂಪ್ ಕೊಡುವ ಅಡಾಪ್ಟರ್ ಬೇಕು. ಡ್ರಾಯರ್‌ನಲ್ಲಿ ಬಿದ್ದಿದ್ದ ಹಳೇ ಫೋನ್ ಚಾರ್ಜರ್ ಹಾಕಿದರೆ ಲೋಡ್ ಬಂದಾಗ ವೋಲ್ಟೇಜ್ ಇಳಿಯುತ್ತದೆ, ಹಬ್ ಸುಮ್ನೆ ಸುಮ್ನೆ ರೀಸ್ಟಾರ್ಟ್ ಆಗುತ್ತದೆ. ನೀವು ಸಾಫ್ಟ್‌ವೇರ್‌ನಲ್ಲಿ ದೋಷ ಹುಡುಕುತ್ತಾ ಕೂರುತ್ತೀರಿ.

## 3. ಯುಪಿಎಸ್ ಎಷ್ಟು ದೊಡ್ಡದು ಬೇಕು

ಯುಪಿಎಸ್ ಡಬ್ಬದ ಮೇಲಿನ ವಿಎ ಅಂಕಿ ನೋಡಿ ಮರುಳಾಗಬೇಡಿ. ಅದು ಒಂದು ಹೊತ್ತಿಗೆ ಎಷ್ಟು ಲೋಡ್ ಹೊರಬಹುದು ಎನ್ನುವುದು, ಎಷ್ಟು ಹೊತ್ತು ಎನ್ನುವುದಲ್ಲ. ಹೊತ್ತು ಹೇಳುವುದು ಬ್ಯಾಟರಿ.

ಲೆಕ್ಕ ಹೀಗೆ. 40 ವ್ಯಾಟ್ ಮೂರು ಗಂಟೆ ಓಡಬೇಕು ಅಂದರೆ 120 ವ್ಯಾಟ್‌ಅವರ್. ಬ್ಯಾಟರಿಯ ಡಿಸಿ ಕರೆಂಟನ್ನು ಗೋಡೆಯ ಸಾಕೆಟ್‌ನಲ್ಲಿ ಬರುವಂಥ ಎಸಿ ಕರೆಂಟ್ ಮಾಡುವಾಗ ಒಂದಷ್ಟು ಸೋರುತ್ತದೆ. 85 ಶೇಕಡಾ ದಕ್ಷತೆ ಹಿಡಿದರೆ 120 ಭಾಗಿಸು 0.85, ಅಂದರೆ ಸುಮಾರು 141. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಜಾಸ್ತಿ ಖಾಲಿ ಮಾಡುತ್ತಿದ್ದರೆ ಬೇಗ ಸಾಯುತ್ತದೆ. ಹಾಗಾಗಿ ಎರಡರಿಂದ ಗುಣಿಸಿ, 282 ವ್ಯಾಟ್‌ಅವರ್. 12 ವೋಲ್ಟ್‌ನಿಂದ ಭಾಗಿಸಿದರೆ 23.5 ಎಎಚ್ (ಆಂಪ್‌ಅವರ್, ಬ್ಯಾಟರಿಯ ಮೇಲೆ ಬರೆಯುವ ಅಳತೆ). ಸಿಗುವ ಅಳತೆಯಲ್ಲಿ 26 ಎಎಚ್ ಆಯ್ಕೆ ಮಾಡಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 80 ಶೇಕಡಾ ಬಳಸಬಹುದು. 176 ವ್ಯಾಟ್‌ಅವರ್, ಅಂದರೆ 12.8 ವೋಲ್ಟ್‌ನಲ್ಲಿ 14 ಎಎಚ್ ಸುತ್ತಮುತ್ತ. ವಯಸ್ಸಾದಂತೆ ಸಾಮರ್ಥ್ಯ ಇಳಿಯುತ್ತದೆ, 18 ಇಟ್ಟುಕೊಳ್ಳಿ.

ಈಗ ಕಂಪ್ಯೂಟರ್‌ಗೆಂದು ಸಿಗುವ ಚಿಕ್ಕ ಯುಪಿಎಸ್ ತೆರೆದು ನೋಡಿ. ಒಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ ಒಂದು ಕೂತಿರುತ್ತದೆ. ಕಾಗದದ ಮೇಲೆ 84 ವ್ಯಾಟ್‌ಅವರ್. ಆ 7 ಎಎಚ್ ಎನ್ನುವುದು 20 ಗಂಟೆಯಲ್ಲಿ ನಿಧಾನವಾಗಿ ಎಳೆದರೆ ಸಿಗುವ ಲೆಕ್ಕ, ಬೇಗ ಎಳೆದರೆ ಕಡಿಮೆ ಸಿಗುತ್ತದೆ. ಯುಪಿಎಸ್ ತನಗೇ ಒಂದಷ್ಟು ವ್ಯಾಟ್ ತಿನ್ನುತ್ತದೆ. 40 ವ್ಯಾಟ್ ಲೋಡ್‌ಗೆ ಒಂದು ಗಂಟೆ ಬಂದರೆ ಪುಣ್ಯ, ಅದೂ ಬ್ಯಾಟರಿ ಹೊಸದಾಗಿದ್ದಾಗ. ಸೀಲ್ ಮಾಡಿದ ಲೆಡ್ ಆಸಿಡ್ ಬ್ಯಾಟರಿಗೆ ಮೂರರಿಂದ ಐದು ವರ್ಷ ಆಯಸ್ಸು. ಬಿಸಿ ಜಾಗದಲ್ಲಿಟ್ಟರೆ ಇನ್ನೂ ಕಡಿಮೆ, ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧ. ಅದರ ಮೈಮೇಲೆ ಹಾಕಿದ ತಾರೀಖು ಬರೆದಿಡಿ.

ಮೋಡೆಮ್, ರೂಟರ್ ಎರಡೂ 12 ವೋಲ್ಟ್ ಡಿಸಿಯವಾದರೆ ಇನ್ನೊಂದು ದಾರಿ ಇದೆ. ಡಿಸಿಯನ್ನು ಎಸಿ ಮಾಡಿ, ಅಡಾಪ್ಟರ್‌ನಲ್ಲಿ ಅದನ್ನು ಮತ್ತೆ ಡಿಸಿ ಮಾಡುವುದೇಕೆ? ರೂಟರ್‌ಗೆಂದೇ ಸಿಗುವ ಪುಟ್ಟ ಡಿಸಿ ಯುಪಿಎಸ್ ನೇರವಾಗಿ 12 ವೋಲ್ಟ್ ಕೊಡುತ್ತದೆ. ಸದ್ದಿಲ್ಲ, ಬೀಪ್ ಇಲ್ಲ. ಕೊಳ್ಳುವ ಮುನ್ನ ಸಾಧನದ ವೋಲ್ಟೇಜ್, ಆಂಪ್, ಪಿನ್‌ನ ಪಾಸಿಟಿವ್ ಒಳಗಾ ಹೊರಗಾ ಎನ್ನುವುದನ್ನು ನೋಡಿಕೊಳ್ಳಿ. ಪಿನ್ ಉಲ್ಟಾ ಆದರೆ ರೂಟರ್ ಹೋಯಿತು ಅಂತಲೇ.

ಮನೆಗೆಲ್ಲ ಇನ್ವರ್ಟರ್ ಇದೆ, ಇದೆಲ್ಲ ಯಾಕೆ ಎನ್ನಬಹುದು. ಕೆಲವು ಇನ್ವರ್ಟರ್‌ಗಳು ಮೇನ್ಸ್‌ನಿಂದ ಬ್ಯಾಟರಿಗೆ ಬದಲಾಗಲು ಹತ್ತಾರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ. ಫ್ಯಾನ್‌ಗೆ ಅದು ಗೊತ್ತೇ ಆಗುವುದಿಲ್ಲ. ಹಬ್ ಮಾತ್ರ ರೀಸ್ಟಾರ್ಟ್ ಆಗಬಹುದು. ಒಂದು ಪುಟ್ಟ ಯುಪಿಎಸ್ ನಡುವೆ ಇದ್ದರೆ ಆ ಸಂದು ಮುಚ್ಚುತ್ತದೆ.

ಕೊನೆಯದಾಗಿ, ಯುಪಿಎಸ್‌ಗೆ ಯುಎಸ್‌ಬಿ ಪೋರ್ಟ್ ಇದ್ದರೆ ಹಬ್‌ಗೆ ಸಿಕ್ಕಿಸಿ. ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಎಂಬ ಉಚಿತ ಸಾಫ್ಟ್‌ವೇರ್ ಬ್ಯಾಟರಿ ಮುಗಿಯುತ್ತಾ ಬಂದಾಗ ಹಬ್ಬನ್ನು ಸರಿಯಾಗಿ ಶಟ್‌ಡೌನ್ ಮಾಡಿಸುತ್ತದೆ. ಹಬ್‌ನಲ್ಲಿ ಓಡುವ ಹೋಮ್ ಅಸಿಸ್ಟೆಂಟ್ ಎಂಬ ಸಾಫ್ಟ್‌ವೇರ್ ಕೂಡ ಅದರ ಜೊತೆ ಮಾತಾಡುತ್ತದೆ. ಜೊತೆಗೆ ಮೆಮೊರಿ ಕಾರ್ಡ್ ಬಿಟ್ಟು ಎಸ್‌ಎಸ್‌ಡಿಗೆ ಬನ್ನಿ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಕಾರ್ಡ್ ಕೆಡುವುದು ಹಬ್ ಸಾಯಲು ತುಂಬಾ ಮಾಮೂಲಿ ಕಾರಣ.

## 4. ಡಿಬಿಯಲ್ಲಿ ಒಂದು ಪ್ರತ್ಯೇಕ ಲೈನ್

ಮೋಡೆಮ್, ಹಬ್ ಇರುವ ಜಾಗಕ್ಕೆ ಡಿಬಿಯಿಂದ (ಮನೆಯ ಬ್ರೇಕರ್‌ಗಳೆಲ್ಲ ಇರುವ ಪೆಟ್ಟಿಗೆ) ಒಂದು ಪ್ರತ್ಯೇಕ ಲೈನ್, ಅದಕ್ಕೆ ಅದರದ್ದೇ ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ತಾನೇ ಬೀಳುವ ಬ್ರೇಕರ್). ಅಡುಗೆಮನೆಯ ಮಿಕ್ಸಿ ಶಾರ್ಟ್ ಆದರೆ ಇಡೀ ಆಟೋಮೇಶನ್ ಬೀಳಬಾರದು.

ಶಾಕ್‌ನಿಂದ ಕಾಪಾಡುವ 30 ಮಿಲಿಆಂಪ್ ಆರ್‌ಸಿಸಿಬಿ ಬಗ್ಗೆ ಒಂದು ವಿಷಯ ಕಡಿಮೆ ಜನಕ್ಕೆ ಗೊತ್ತು. ಪ್ರತಿ ಅಡಾಪ್ಟರ್, ಎಲ್‌ಇಡಿ ದೀಪಕ್ಕೆ ಕರೆಂಟ್ ಹದ ಮಾಡಿ ಕೊಡುವ ಪ್ರತಿ ಡ್ರೈವರ್ ಕೂಡ ಅದರ ಒಳಗಿನ ಫಿಲ್ಟರ್ ಮೂಲಕ ಭೂಮಿಗೆ ಚೂರು ಚೂರು ಕರೆಂಟ್ ಸೋರಿಸುತ್ತದೆ. ಒಂದೆರಡಾದರೆ ಏನೂ ಇಲ್ಲ. ನಲವತ್ತು ಸಾಧನ ಒಂದೇ ಆರ್‌ಸಿಸಿಬಿ ಕೆಳಗಿದ್ದರೆ ಚೂರೆಲ್ಲ ಸೇರಿ ಕಾರಣವೇ ಇಲ್ಲದೆ ಟ್ರಿಪ್ ಆಗಲು ಶುರುವಾಗುತ್ತದೆ. ಮಾಮೂಲಿ ಸೋರಿಕೆ ಆರ್‌ಸಿಸಿಬಿ ಅಂಕಿಯ 30 ಶೇಕಡಾ ದಾಟಬಾರದು, ಅಂದರೆ 9 ಮಿಲಿಆಂಪ್. ಪರಿಹಾರ ಸುಲಭ: ಲೋಡ್‌ಗಳನ್ನು ಎರಡು ಮೂರು ಆರ್‌ಸಿಸಿಬಿಗೆ ಹಂಚಿ. ಇಲ್ಲವೇ ಲೈನ್‌ಗೊಂದು ಆರ್‌ಸಿಬಿಒ (ಎಂಸಿಬಿ, ಆರ್‌ಸಿಸಿಬಿ ಎರಡೂ ಒಂದರಲ್ಲೇ ಇರುವುದು) ಹಾಕಿಸಿ. ಟ್ರಿಪ್ ಆಗುತ್ತದೆಂದು ಆರ್‌ಸಿಸಿಬಿಯನ್ನೇ ತೆಗೆಸುವವರಿದ್ದಾರೆ, ಅವರ ಮಾತು ಕೇಳಬೇಡಿ.

ವೋಲ್ಟೇಜ್ ಏಕಾಏಕಿ ಏರಿದಾಗ ಸಾಧನಗಳನ್ನು ಕಾಪಾಡುವ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಡಿಬಿಯಲ್ಲೇ ಇರಲಿ. ಅರ್ಥಿಂಗ್ ಸರಿಯಿಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಹಾಗಾಗಿ ಅರ್ಥಿಂಗ್ ಅಳೆಸಿದ ಮೇಲೇ ಅದರ ಮಾತು.

## 5. ಸ್ವಿಚ್ ಬಾಕ್ಸ್‌ನಲ್ಲಿ ನ್ಯೂಟ್ರಲ್ ಇದೆಯಾ?

ಇಡೀ ಕೆಲಸದಲ್ಲಿ ಜಾಸ್ತಿ ತಲೆನೋವು ಕೊಡುವುದು ಈ ಒಂದು ವೈರ್.

ಹಳೆಯ ವೈರಿಂಗ್‌ನಲ್ಲಿ ಸ್ವಿಚ್‌ಗೆ ಬರುವುದು ಎರಡೇ ವೈರ್. ಫೇಸ್ (ಕರೆಂಟ್ ತರುವ ವೈರ್) ಒಳಗೆ ಬರುತ್ತದೆ, ಸ್ವಿಚ್ ದಾಟಿ ದೀಪಕ್ಕೆ ಹೋಗುತ್ತದೆ. ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಸ್ವಿಚ್‌ಗೆ ಬರದೆ ಮೇಲಿನಿಂದಲೇ ನೇರ ದೀಪಕ್ಕೆ ಹೋಗಿರುತ್ತದೆ. ಮಾಮೂಲಿ ಸ್ವಿಚ್‌ಗೆ ಅಷ್ಟು ಸಾಕು. ಸ್ಮಾರ್ಟ್ ಸ್ವಿಚ್ ಒಳಗೆ ಪುಟ್ಟ ರೇಡಿಯೋ ಇದೆ, ದೀಪ ಆರಿದ್ದಾಗಲೂ ಅದು ಬದುಕಿರಬೇಕು. ಅದಕ್ಕೆ ನ್ಯೂಟ್ರಲ್ ಬೇಕು.

ಹೊಸ ಮನೆಯಾದರೆ ಪ್ರತಿ ಸ್ವಿಚ್ ಬಾಕ್ಸ್‌ಗೂ ನ್ಯೂಟ್ರಲ್ ಎಳೆಸಿ, ಇವತ್ತು ಸ್ಮಾರ್ಟ್ ಸ್ವಿಚ್ ಹಾಕದಿದ್ದರೂ. ಬಾಕ್ಸ್ ಆಳವಾಗಿರಲಿ, 47 ಮಿಲಿಮೀಟರ್ ಇದ್ದರೆ ಸ್ವಿಚ್ ಹಿಂದೆ ಒಂದು ರಿಲೇ ಮಾಡ್ಯೂಲ್ (ಹಬ್ ಹೇಳಿದಂತೆ ಆನ್ ಆಫ್ ಮಾಡುವ ಪುಟ್ಟ ಡಬ್ಬಿ) ಆರಾಮಾಗಿ ಕೂರುತ್ತದೆ. ಆಳವಿಲ್ಲದ ಬಾಕ್ಸ್‌ನಲ್ಲಿ ವೈರ್‌ಗಳನ್ನು ತುರುಕಿ, ಪ್ಲೇಟನ್ನು ಮೊಣಕೈಯಿಂದ ಒತ್ತಿಹಿಡಿದು ಸ್ಕ್ರೂ ಹಾಕುವುದನ್ನು ನೋಡಿದ್ದೇನೆ. ಆ ಒತ್ತಡದಲ್ಲಿ ಟರ್ಮಿನಲ್‌ನ ವೈರ್ ಸಡಿಲವಾಗುತ್ತದೆ, ಸಡಿಲವಾದದ್ದು ಬಿಸಿಯಾಗುತ್ತದೆ.

ಹಳೆ ಮನೆಯಲ್ಲಿ ನ್ಯೂಟ್ರಲ್ ಇಲ್ಲದಿದ್ದರೆ ಮೂರು ದಾರಿ. ಒಂದು, ಅದೇ ಪೈಪ್‌ನಲ್ಲಿ ಹೊಸ ವೈರ್ ಎಳೆಸುವುದು, ಜಾಗವಿದ್ದರೆ ಇದೇ ಒಳ್ಳೆಯದು. ಎರಡು, ರಿಲೇ ಮಾಡ್ಯೂಲನ್ನು ಸ್ವಿಚ್ ಬಿಟ್ಟು ಮೇಲೆ ದೀಪದ ಹತ್ತಿರ ಇಡುವುದು, ಅಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಮೂರು, ನ್ಯೂಟ್ರಲ್ ಬೇಡದ ಸ್ವಿಚ್ ಕೊಳ್ಳುವುದು. ಇದು ದೀಪದ ಮೂಲಕವೇ ಚೂರು ಕರೆಂಟ್ ಹರಿಸಿ ಬದುಕುತ್ತದೆ. ಕಡಿಮೆ ವ್ಯಾಟ್‌ನ ಎಲ್‌ಇಡಿಯಾದರೆ ಆಫ್ ಮಾಡಿದ ಮೇಲೂ ಮಂದವಾಗಿ ಉರಿಯುತ್ತದೆ, ಇಲ್ಲವೇ ಮಿಣುಕುತ್ತದೆ. ದೀಪಕ್ಕೆ ಅಡ್ಡವಾಗಿ ಬೈಪಾಸ್ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ.

ನಾಲ್ಕನೆಯ ದಾರಿಯೂ ಒಂದಿದೆ, ಅದನ್ನು ಮಾಡಬೇಡಿ ಎನ್ನಲೆಂದೇ ಬರೆಯುತ್ತಿದ್ದೇನೆ. ಪಕ್ಕದ ಸಾಕೆಟ್‌ನಿಂದ ನ್ಯೂಟ್ರಲ್ ಕದಿಯುವುದು. ನಮ್ಮ ಮನೆಗೆ ಬಂದಿದ್ದ ಒಬ್ಬರು ಹೀಗೇ ಮಾಡಿಹೋಗಿದ್ದರು. ಹಾಲ್‌ನ ದೀಪ ಹಾಕಿದರೆ ಆರ್‌ಸಿಸಿಬಿ ಬೀಳುತ್ತಿತ್ತು, ಬಲ್ಬ್ ಬದಲಿಸಿದರೂ ಅಷ್ಟೇ. ಆರ್‌ಸಿಸಿಬಿ ಮಾಡುವುದು ಒಂದೇ ಕೆಲಸ: ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಎಂದು ನೋಡುವುದು. ಫೇಸ್ ಒಂದು ಆರ್‌ಸಿಸಿಬಿಯಿಂದ, ನ್ಯೂಟ್ರಲ್ ಇನ್ನೊಂದರದ್ದು ಆದರೆ ಲೆಕ್ಕ ತಪ್ಪುತ್ತದೆ, ಬೀಳುತ್ತದೆ. ಅದಕ್ಕಿಂತ ಅಪಾಯವೆಂದರೆ, ದೀಪದ ಎಂಸಿಬಿ ಆಫ್ ಮಾಡಿ ಕೆಲಸಕ್ಕೆ ಕೈಹಾಕಿದವರು ಇತರ ಸರ್ಕ್ಯೂಟ್‌ನ ನ್ಯೂಟ್ರಲ್ ಬಿಚ್ಚಿದರೆ ಶಾಕ್ ಹೊಡೆಯಬಹುದು.

## 6. ದೊಡ್ಡ ಲೋಡ್‌ಗೆ ಕಾಂಟ್ಯಾಕ್ಟರ್

ರಿಲೇ ಮೇಲೆ 16 ಆಂಪ್ ಎಂದಿದೆ, ಗೀಸರ್ 3 ಕಿಲೋವ್ಯಾಟ್, ಅಂದರೆ 13 ಆಂಪ್. ಸರಿಹೋಯಿತಲ್ಲ ಎನಿಸುತ್ತದೆ. ಮುಚ್ಚಿದ ಗೋಡೆಯ ಬಾಕ್ಸ್‌ನಲ್ಲಿ, ಗಾಳಿಯಿಲ್ಲದೆ, ಅರ್ಧ ಗಂಟೆ 13 ಆಂಪ್ ಹರಿದರೆ ಆ ಪುಟ್ಟ ರಿಲೇ ಕಾದು ಹೋಗುತ್ತದೆ. ಗೀಸರ್, ಪಂಪ್, ಏರ್ ಕಂಡಿಷನರ್ ಯಾವುದೇ ಇರಲಿ, ಡಿಬಿಯಲ್ಲಿ ಒಂದು ಕಾಂಟ್ಯಾಕ್ಟರ್ (ದೊಡ್ಡ ಕರೆಂಟ್ ತಾಳುವ ರಿಲೇ) ಹಾಕಿಸಿ. ಸ್ಮಾರ್ಟ್ ರಿಲೇ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಮಾತ್ರ ಕರೆಂಟ್ ಕೊಡಲಿ. ಭಾರ ಹೊರುವುದು ಕಾಂಟ್ಯಾಕ್ಟರ್, ಆಜ್ಞೆ ಕೊಡುವುದು ರಿಲೇ.

ಎಲ್‌ಇಡಿಗಳಿಗೆ ವ್ಯಾಟ್ ಕಡಿಮೆ ಅಂತ ಉದಾಸೀನ ಬೇಡ. ಡ್ರೈವರ್ ಒಳಗಿನ ಕೆಪಾಸಿಟರ್ ಆನ್ ಆದ ಕ್ಷಣ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಹತ್ತು ಹದಿನೈದು ದೀಪ ಒಂದೇ ರಿಲೇ ಮೇಲಿದ್ದರೆ ಅದರ ಕಾಂಟ್ಯಾಕ್ಟ್ ಬೆಸುಗೆಯಾಗಿ ಅಂಟಿಕೊಳ್ಳುತ್ತದೆ. ದೀಪ ಆರುವುದೇ ಇಲ್ಲ, ಆ್ಯಪ್ ಮಾತ್ರ ಆಫ್ ಎನ್ನುತ್ತಿರುತ್ತದೆ. ರಿಲೇಯ ಕಾಗದದಲ್ಲಿ ಎಲ್‌ಇಡಿಗೆಂದು ಬೇರೆಯದೇ ಅಂಕಿ ಇರುತ್ತದೆ, ಅದನ್ನು ಹುಡುಕಿ.

## 7. ಕಡಿಮೆ ವೋಲ್ಟೇಜ್ ವೈರ್: ಉದ್ದ ನೋಡಿಕೊಳ್ಳಿ

12 ವೋಲ್ಟ್ ಎಲ್‌ಇಡಿ ಸ್ಟ್ರಿಪ್, 48 ವ್ಯಾಟ್. ಅಂದರೆ 4 ಆಂಪ್. ಅಡಾಪ್ಟರ್ 10 ಮೀಟರ್ ದೂರ, ವೈರ್ 1.5 ಸ್ಕ್ವೇರ್ ಎಂಎಂ. ಹೋಗುವುದು 10, ಬರುವುದು 10, ಒಟ್ಟು 20 ಮೀಟರ್ ತಾಮ್ರ. ತಾಮ್ರದ ರೋಧ ಮೀಟರ್‌ಗೆ 0.0175 ಭಾಗಿಸು ವೈರ್‌ನ ಸ್ಕ್ವೇರ್ ಎಂಎಂ ಅಳತೆ. ಹಾಗಾಗಿ 20 ಗುಣಿಸು 0.0175 ಭಾಗಿಸು 1.5, ಅಂದರೆ 0.23 ಓಮ್. 4 ಆಂಪ್‌ಗೆ 0.93 ವೋಲ್ಟ್ ದಾರಿಯಲ್ಲೇ ಹೋಯಿತು, ಸುಮಾರು 8 ಶೇಕಡಾ. 0.5 ಸ್ಕ್ವೇರ್ ಎಂಎಂ ವೈರ್ ಹಾಕಿದ್ದರೆ 2.8 ವೋಲ್ಟ್ ಹೋಗುತ್ತಿತ್ತು. ಸ್ಟ್ರಿಪ್‌ನ ಬಿಳಿ ಬೆಳಕು ಹಳದಿಗೆ ತಿರುಗಿ ಮಂಕಾಗುವುದು ಇದರಿಂದಲೇ.

ಅದೇ 48 ವ್ಯಾಟ್‌ನ 24 ವೋಲ್ಟ್ ಸ್ಟ್ರಿಪ್ ಕೊಂಡರೆ ಕರೆಂಟ್ 2 ಆಂಪ್. 1.5 ವೈರ್‌ನಲ್ಲಿ ನಷ್ಟ 0.47 ವೋಲ್ಟ್, 2 ಶೇಕಡಾ ಅಷ್ಟೇ. ಅದಕ್ಕೇ ಐದು ಮೀಟರ್ ದಾಟಿದರೆ ನಾನು ಕಣ್ಣು ಮುಚ್ಚಿ 24 ವೋಲ್ಟ್ ಆರಿಸುತ್ತೇನೆ.

ಕ್ಯಾಮೆರಾ, ವೈಫೈ ಆ್ಯಕ್ಸೆಸ್ ಪಾಯಿಂಟ್‌ಗೆ ಪಿಒಇ (ಪವರ್ ಓವರ್ ಈಥರ್ನೆಟ್) ಬಳಸಿ. ಒಂದೇ ನೆಟ್‌ವರ್ಕ್ ಕೇಬಲ್‌ನಲ್ಲಿ ಡೇಟಾವೂ ಪವರೂ ಹೋಗುತ್ತದೆ, ಎಲ್ಲಕ್ಕೂ ಒಂದೇ ಯುಪಿಎಸ್ ಸಾಕು. 2003ರ 802.3ಎಎಫ್ ಎಂಬ ಪಿಒಇ ಮಾನದಂಡದ ಪ್ರಕಾರ ನೆಟ್‌ವರ್ಕ್ ಸ್ವಿಚ್ ಒಂದು ಪೋರ್ಟ್‌ಗೆ 15.4 ವ್ಯಾಟ್ ಕೊಡುತ್ತದೆ, ಸಾಧನಕ್ಕೆ ಸಿಗುವ ಖಾತ್ರಿ 12.95. 2009ರ 802.3ಎಟಿಯಲ್ಲಿ 30 ಮತ್ತು 25.5. ಕೇಬಲ್ ಒಟ್ಟು 100 ಮೀಟರ್ ಮೀರಬಾರದು. ಅಪ್ಪಟ ತಾಮ್ರದ ಕೇಬಲ್ಲೇ ಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ಅಗ್ಗದ ಕೇಬಲ್‌ಗೆ ರೋಧ ಜಾಸ್ತಿ, ಪಿಒಇಯಲ್ಲಿ ಬಿಸಿಯಾಗುತ್ತದೆ. ಕೈಯಲ್ಲಿ ಹಿಡಿದರೆ ಹಗುರ. ತುದಿಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ.

ಈ ಸಣ್ಣ ವೈರ್‌ಗಳನ್ನು ಮೇನ್ಸ್ ಜೊತೆ ಒಂದೇ ಪೈಪ್‌ನಲ್ಲಿ ಹಾಕಬೇಡಿ. ಬೇರೆ ಪೈಪ್, ಸಾಧ್ಯವಾದರೆ ಒಂದಡಿ ದೂರ. ದಾಟಲೇಬೇಕಾದ ಕಡೆ ನೇರ ಅಡ್ಡ ದಾಟಿಸಿ. ಪೈಪ್ ಅರ್ಧಕ್ಕಿಂತ ಜಾಸ್ತಿ ತುಂಬಿಸದೆ, ಒಳಗೆ ಒಂದು ದಾರ ಬಿಟ್ಟಿಡಿ, ಮುಂದೆ ವೈರ್ ಎಳೆಯಲು ಆಗುತ್ತದೆ. ಕಿಟಕಿಯ ಮೇಲೆ ಕರ್ಟನ್ ಮೋಟರ್‌ಗೆ, ಬಾಗಿಲ ಚೌಕಟ್ಟಿಗೆ ಸೆನ್ಸರ್‌ಗೆ ಖಾಲಿ ಪೈಪ್ ಆದರೂ ಇರಲಿ.

## 8. ಹಬ್ ಎಲ್ಲಿ ಕೂರಬೇಕು

ಗಾಳಿಯಾಡುವ, ಬಿಸಿಲು ಬೀಳದ, ಮನೆಯ ನಡುವಿನ ಜಾಗ. ಲೋಹದ ಡಬ್ಬದೊಳಗೆ ಬೇಡ, ಸಿಗ್ನಲ್ ಹೊರಗೆ ಬರುವುದಿಲ್ಲ. ಎಸ್‌ಎಸ್‌ಡಿ ಸಿಕ್ಕಿಸಿದ ಯುಎಸ್‌ಬಿ 3 ಪೋರ್ಟ್ ಪಕ್ಕದಲ್ಲೇ ಜಿಗ್‌ಬೀ ಡಾಂಗಲ್ (ಸೆನ್ಸರ್, ಬಲ್ಬ್‌ಗಳ ಜೊತೆ ಮಾತಾಡುವ ಪುಟ್ಟ ರೇಡಿಯೋ) ಹಾಕಿದರೆ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲವಾಗಿ ಸೆನ್ಸರ್‌ಗಳು ತಪ್ಪಿಹೋಗುತ್ತವೆ. ಒಂದು ಮೀಟರ್‌ನ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ಹಾಕಿ ಡಾಂಗಲನ್ನು ದೂರ ಇಡಿ. ಅಷ್ಟರಿಂದಲೇ ಎಷ್ಟೋ ಜನರ ಸಮಸ್ಯೆ ಮುಗಿದಿದೆ.

## 9. ಕರೆಂಟ್ ಬಂದಾಗ ಏನಾಗಬೇಕು

ಮೊದಲ ಹಾಳೆಯ ಮೂರನೇ ಪ್ರಶ್ನೆ ನೆನಪಿದೆಯಾ? ಈಗ ಪ್ರತಿ ಬಲ್ಬ್, ಪ್ರತಿ ಪ್ಲಗ್‌ನ ಸೆಟ್ಟಿಂಗ್ ತೆಗೆದು ಕರೆಂಟ್ ಬಂದ ಮೇಲಿನ ಸ್ಥಿತಿ ಆರಿಸಿ. ಬೆಡ್‌ರೂಮ್ ಬಲ್ಬ್‌ಗೆ "ಹಿಂದಿನ ಸ್ಥಿತಿ". ಗೀಸರ್, ಪಂಪ್, ಇಸ್ತ್ರಿಪೆಟ್ಟಿಗೆಯ ಪ್ಲಗ್‌ಗೆ "ಆಫ್", ಇದರಲ್ಲಿ ರಾಜಿ ಇಲ್ಲ. ಮೆಟ್ಟಿಲಿನ ಒಂದು ದೀಪ "ಆನ್" ಇದ್ದರೆ ಒಳ್ಳೆಯದು. ಗೇಟ್ ಮತ್ತು ಬೀಗ ಯಾವ ಕಾರಣಕ್ಕೂ ತಾನಾಗಿ ತೆರೆಯಬಾರದು, ಒಳಗಿನಿಂದ ಮಾತ್ರ ಯಾವಾಗಲೂ ಕೈಯಿಂದ ತೆರೆಯಬೇಕು.

ಜಿಗ್‌ಬೀ ಸಂದೇಶ ದಾಟಿಸುವ ಕೆಲಸವನ್ನು ಬಲ್ಬ್‌ಗಳ ಮೇಲೆ ಬಿಡಬೇಡಿ. ಯಾರೂ ಆರಿಸದ ಸಾಕೆಟ್‌ನಲ್ಲಿ ಎರಡು ಮೂರು ಜಿಗ್‌ಬೀ ಸ್ಮಾರ್ಟ್ ಪ್ಲಗ್ ಇಟ್ಟರೆ ಅವು ಆ ಕೆಲಸ ಮಾಡುತ್ತವೆ.

## 10. ಪರೀಕ್ಷೆ

ಪ್ಲಾಸ್ಟರ್ ಹಾಕುವ ಮುನ್ನ ಪ್ರತಿ ಗೋಡೆಯ ಫೋಟೋ ತೆಗೆಯಿರಿ, ಟೇಪ್ ಹಿಡಿದು, ಅಳತೆ ಕಾಣುವಂತೆ. ಪ್ರತಿ ವೈರ್‌ನ ಎರಡೂ ತುದಿಗೆ ಚೀಟಿ ಅಂಟಿಸಿ. ಎಲೆಕ್ಟ್ರಿಷಿಯನ್ 500 ವೋಲ್ಟ್‌ನ ಮೆಗ್ಗರ್ ಹಾಕಿ ಇನ್ಸುಲೇಶನ್ ಅಳೆಯುತ್ತಾರೆ. ಅದು ಸ್ಮಾರ್ಟ್ ಸ್ವಿಚ್‌ಗಳನ್ನು ಜೋಡಿಸುವ ಮುನ್ನವೇ ಆಗಲಿ, ಇಲ್ಲದಿದ್ದರೆ ಅವು ಸುಟ್ಟುಹೋಗಬಹುದು.

ಎಲ್ಲ ಮುಗಿದ ಮೇಲೆ ಒಂದು ಸಂಜೆ ಮನೆಯವರಿಗೆಲ್ಲ ಹೇಳಿ ಮೇನ್ ಆಫ್ ಮಾಡಿ. ಇಪ್ಪತ್ತು ನಿಮಿಷ ಹಾಗೇ ಬಿಡಿ. ವೈಫೈ ಇದೆಯಾ, ಹಬ್ ಮಾತಾಡುತ್ತಿದೆಯಾ, ಕ್ಯಾಮೆರಾ ಕಾಣುತ್ತಿದೆಯಾ ನೋಡಿ. ಆಮೇಲೆ ಆನ್ ಮಾಡಿ, ಏನೇನು ಹತ್ತಿತು ಬರೆದುಕೊಳ್ಳಿ. ಇನ್ನೊಂದು ಸಲ, ಹತ್ತು ಸೆಕೆಂಡ್ ಆಫ್, ಐದು ಸೆಕೆಂಡ್ ಆನ್, ಮತ್ತೆ ಆಫ್. ನಿಜವಾದ ಕರೆಂಟ್ ಹೀಗೇ ಕಣ್ಣಾಮುಚ್ಚಾಲೆ ಆಡುತ್ತದೆ. ಮೂರನೇ ಸಲ ಮೇನ್ ಆನ್ ಇಟ್ಟು ಹಬ್ ಒಂದನ್ನೇ ಆರಿಸಿ, ಮನೆಯಲ್ಲಿ ಓಡಾಡಿ.

ನನ್ನ ಮೊದಲ ಪರೀಕ್ಷೆಯಲ್ಲಿ ಮೋಡೆಮ್, ರೂಟರ್, ಹಬ್ ಮೂರೂ ಗಟ್ಟಿಯಾಗಿ ನಿಂತವು. ಆದರೂ ಫೋನ್‌ನಲ್ಲಿ ಏನೂ ಬರಲಿಲ್ಲ. ಟಾರ್ಚ್ ಹಿಡಿದು ಟೇಬಲ್ ಕೆಳಗೆ ಬಗ್ಗಿ ನೋಡಿದರೆ ಇವೆಲ್ಲವನ್ನೂ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚಿನ ಪ್ಲಗ್, ಯುಪಿಎಸ್‌ನ ಪಕ್ಕದ ಮಾಮೂಲಿ ಸಾಕೆಟ್‌ನಲ್ಲಿತ್ತು. ಕಿತ್ತು ಒಂದು ಗೇಣು ಆಚೆಗೆ ಹಾಕಿದೆ.